ಮಾರಿಷಸ್‌ನಲ್ಲಿ ಬ್ಯಾರೋಮೀಟರ್ ಓದುವುದು ಹೇಗೆ: ಹೊಸದಾಗಿ ಹೋದವರಿಗೆ ಮಾರ್ಗದರ್ಶಿ

ಗೋಡೆಗೆ ತೂಗುಹಾಕುವ ದುಂಡನೆಯ ಬ್ಯಾರೋಮೀಟರ್ ನೋಡಿದ್ದೀರಾ? ಅದರ ಮುಖದ ಮೇಲೆ ಅಂಕಿಗಳ ಜೊತೆಗೆ ಬಿರುಗಾಳಿ, ಮಳೆ, ಬದಲಾವಣೆ, ಒಳ್ಳೆಯ ಹವೆ ಎಂಬ ಪದಗಳು ಇಂಗ್ಲಿಷಿನಲ್ಲೋ ಫ್ರೆಂಚಿನಲ್ಲೋ ಇರುತ್ತವೆ. ಮಾರಿಷಸ್‌ನಲ್ಲಿ ಇರುವವರು ಮೊದಲು ಮಾಡಬೇಕಾದ ಕೆಲಸ ಆ ಪದಗಳನ್ನು ಮರೆತುಬಿಡುವುದು. ಅವು ಯುರೋಪಿನ ಹವೆಯನ್ನು ನೋಡಿ ಬರೆದ ಪದಗಳು. ಅಲ್ಲಿ ಗಾಳಿಯ ಒತ್ತಡ ಒಂದೇ ವಾರದಲ್ಲಿ 30-40 ಹೆಕ್ಟೋಪಾಸ್ಕಲ್ (ಒತ್ತಡ ಅಳೆಯುವ ಮಾನ) ಏರಿಳಿಯಬಹುದು. ಮಾರಿಷಸ್‌ನಲ್ಲಿ ಮಾಮೂಲಿ ದಿನಗಳಲ್ಲಿ ಮುಳ್ಳು ಅಷ್ಟೇನೂ ಅಲುಗುವುದಿಲ್ಲ. ಜೋರು ಮಳೆ ಬಿದ್ದ ದಿನವೂ ಅದು ತನ್ನ ಜಾಗದಲ್ಲೇ ನಿಂತಿರುತ್ತದೆ.

ಇದನ್ನು ನೋಡಿ ‘ಉಷ್ಣವಲಯದಲ್ಲಿ ಬ್ಯಾರೋಮೀಟರ್ ಕೆಲಸಕ್ಕೆ ಬಾರದು’ ಎನ್ನುವವರು ಇದ್ದಾರೆ. ನನಗೆ ಅನ್ನಿಸುವುದು ಇದಕ್ಕೆ ಪೂರ್ತಿ ಉಲ್ಟಾ. ಒತ್ತಡ ಅಷ್ಟು ಕ್ರಮವಾಗಿ ಇರುವುದರಿಂದಲೇ ಅಲ್ಲಿ ಸಣ್ಣ ವ್ಯತ್ಯಾಸಕ್ಕೂ ದೊಡ್ಡ ಅರ್ಥವಿದೆ. ಲಂಡನ್ನಿನಲ್ಲಿ 5 ಹೆಕ್ಟೋಪಾಸ್ಕಲ್ ಇಳಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಮಾರಿಷಸ್‌ನ ರಾಜಧಾನಿ ಪೋರ್ಟ್ ಲೂಯಿಯಲ್ಲಿ ಫೆಬ್ರವರಿ ತಿಂಗಳಲ್ಲಿ 5 ಇಳಿದರೆ ಕಿಟಕಿಗಳ ಚಿಲಕ ಪರೀಕ್ಷಿಸಬೇಕು. ಹಾಗಾಗಿ ಅಲ್ಲಿ ಕಲಿಯಬೇಕಾದದ್ದು ಅಂಕಿ ಓದುವುದನ್ನಲ್ಲ. ಈ ಹೊತ್ತಿಗೆ ಎಷ್ಟಿರಬೇಕಿತ್ತು, ಈಗ ಎಷ್ಟಿದೆ ಎಂದು ಹೋಲಿಸುವುದನ್ನು.

ಕೆಲಸಕ್ಕೋ ಓದಿಗೋ ಮಾರಿಷಸ್‌ಗೆ ಹೋಗಿ ಮೊದಲ ಸಲ ಸೈಕ್ಲೋನ್ ಕಾಲ ಕಾಣುತ್ತಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳುತ್ತೇನೆ. ಮನೆಯ ಬ್ಯಾರೋಮೀಟರ್ ವಾಕ್ವಾದಲ್ಲಿರುವ ಮಾರಿಷಸ್ ಹವಾಮಾನ ಇಲಾಖೆಯ ಪ್ರಕಟಣೆಗೆ ಬದಲಿ ಅಲ್ಲ. ಇಲಾಖೆಯ ಹತ್ತಿರ ಉಪಗ್ರಹ, ರೇಡಾರ್, ದ್ವೀಪದ ತುಂಬ ಮಾಪನ ಕೇಂದ್ರಗಳು ಇವೆ. ನಿಮ್ಮ ಹತ್ತಿರ ಇರುವುದು ಒಂದು ಮುಳ್ಳು. ಆದರೆ ಪ್ರಕಟಣೆಯಲ್ಲಿ ಹೇಳುವುದು ನಿಮ್ಮ ಮನೆಯ ಮೇಲೆ ಹೇಗೆ ಬಂದು ತಲುಪುತ್ತಿದೆ ಎಂಬುದನ್ನು ಆ ಮುಳ್ಳು ತೋರಿಸುತ್ತದೆ. ಕರೆಂಟು, ಇಂಟರ್ನೆಟ್ ಹೋದ ಮೇಲೂ ತೋರಿಸುತ್ತದೆ.

ಮೊದಲು ದ್ವೀಪದ ವರ್ಷವನ್ನು ತಿಳಿದುಕೊಳ್ಳಿ

ಮಾರಿಷಸ್ ಇರುವುದು ಭೂಮಧ್ಯರೇಖೆಯಿಂದ 20 ಡಿಗ್ರಿ ದಕ್ಷಿಣಕ್ಕೆ. ನಮ್ಮಲ್ಲಿ ಮುಂಗಾರು ಸುರಿಯುವಾಗ ಅಲ್ಲಿ ಚಳಿಗಾಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಬೇಸಿಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಳಿಗಾಲ. ಮಧ್ಯದ ಮೇ ಮತ್ತು ಅಕ್ಟೋಬರ್ ಎರಡಕ್ಕೂ ಸೇರದ ತಿಂಗಳುಗಳು. ವರ್ಷದ ಮಳೆಯಲ್ಲಿ ಮೂರರಲ್ಲಿ ಎರಡು ಪಾಲು ಬೇಸಿಗೆಯಲ್ಲೇ ಬೀಳುತ್ತದೆ.

ದ್ವೀಪದ ದಕ್ಷಿಣಕ್ಕೆ ಹಿಂದೂ ಮಹಾಸಾಗರದ ಮೇಲೆ ಅಧಿಕ ಒತ್ತಡದ ಒಂದು ದೊಡ್ಡ ಪ್ರದೇಶವಿದೆ. ಅದನ್ನು ಮಸ್ಕರೀನ್ ಹೈ ಎಂದು ಕರೆಯುತ್ತಾರೆ. ಚಳಿಗಾಲದಲ್ಲಿ ಅದು ಬಲವಾಗುತ್ತದೆ. ಆಗ ಮಾರಿಷಸ್‌ನಲ್ಲಿ ಸಮುದ್ರಮಟ್ಟದ ಒತ್ತಡ 1020ರ ಆಸುಪಾಸಿನಲ್ಲಿ ಇರುತ್ತದೆ. ಬೇಸಿಗೆಯಲ್ಲಿ ಅದು ಸಡಿಲವಾಗಿ ದಕ್ಷಿಣಕ್ಕೆ ಸರಿಯುತ್ತದೆ, ಒತ್ತಡ 1012ರ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ ಆಗಸ್ಟ್‌ನಲ್ಲಿ 1013 ಕಂಡರೆ ಅದು ಕಡಿಮೆ, ಜನವರಿಯಲ್ಲಿ 1013 ಕಂಡರೆ ಮಾಮೂಲಿ. ಒಂದೇ ಅಂಕಿಗೆ ಎರಡು ಅರ್ಥ. ಹಾಗಾಗಿ ತಿಂಗಳನ್ನು ಬಿಟ್ಟು ಅಂಕಿಯನ್ನು ಮಾತ್ರ ಓದಬಾರದು.

ಸೈಕ್ಲೋನ್ ಕಾಲ ನವೆಂಬರ್‌ನಲ್ಲಿ ಶುರುವಾಗುತ್ತದೆ. ನೈಋತ್ಯ ಹಿಂದೂ ಮಹಾಸಾಗರದ ಉಳಿದ ಕಡೆ ಏಪ್ರಿಲ್ ಕೊನೆಗೆ ಅದು ಮುಗಿಯಿತು ಎಂದು ಲೆಕ್ಕ ಹಾಕುತ್ತಾರೆ. ಮಾರಿಷಸ್ ಮತ್ತು ಸೇಶೆಲ್ಸ್‌ಗೆ ಮಾತ್ರ ಮೇ 15ರವರೆಗೆ. ಏಪ್ರಿಲ್ ಕೊನೆ ಎಂದು ನಿರಾಳವಾಗಬೇಡಿ. 1892ರ ಏಪ್ರಿಲ್ 29ರಂದು ಬಂದ ಸೈಕ್ಲೋನ್ ಪೋರ್ಟ್ ಲೂಯಿಯ ದೊಡ್ಡ ಭಾಗವನ್ನು ನೆಲಸಮ ಮಾಡಿತು. ಒತ್ತಡ 947 ಹೆಕ್ಟೋಪಾಸ್ಕಲ್‌ಗೆ ಕುಸಿದಿತ್ತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ವರ್ಷದ ಆ ಹೊತ್ತಿಗೆ ಸೈಕ್ಲೋನ್ ಬರುವುದಿಲ್ಲ ಎಂದೇ ಅಲ್ಲಿಯತನಕ ಜನ ನಂಬಿದ್ದರು.

ಉಪಕರಣ ಆರಿಸಿಕೊಳ್ಳುವುದು

ಮೂರು ದಾರಿಗಳಿವೆ.

ಮೊದಲನೆಯದು ನಿಮ್ಮ ಫೋನ್. ಬಹಳಷ್ಟು ಫೋನ್‌ಗಳಲ್ಲಿ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಉಚಿತ ಬ್ಯಾರೋಮೀಟರ್ ಆ್ಯಪ್ ಒಂದನ್ನು ಹಾಕಿ ನೋಡಿದರೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಆ್ಯಪ್ ಆರಿಸುವಾಗ ಎಚ್ಚರ. ಕೆಲವು ಆ್ಯಪ್‌ಗಳು ಫೋನಿನ ಸೆನ್ಸರನ್ನು ಓದದೆ ಇಂಟರ್ನೆಟ್‌ನಿಂದ ಅಂಕಿ ತಂದು ತೋರಿಸುತ್ತವೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಮೂರನೇ ಮಹಡಿಗೆ ಹತ್ತಿ. ಅಂಕಿ ಸುಮಾರು 1 ಹೆಕ್ಟೋಪಾಸ್ಕಲ್ ಇಳಿದರೆ ಸೆನ್ಸರ್ ನಿಜವಾಗಿ ಕೆಲಸ ಮಾಡುತ್ತಿದೆ ಎಂದರ್ಥ.

ಎರಡನೆಯದು ಅನೆರಾಯ್ಡ್ ಬ್ಯಾರೋಮೀಟರ್, ಅಂದರೆ ಮುಳ್ಳಿನದು. ಒಳಗೆ ಗಾಳಿ ತೆಗೆದ ಒಂದು ಲೋಹದ ಡಬ್ಬಿ ಇರುತ್ತದೆ. ಒತ್ತಡ ಬದಲಾದಂತೆ ಅದು ಕುಗ್ಗಿ ಹಿಗ್ಗಿ ಮುಳ್ಳನ್ನು ತಿರುಗಿಸುತ್ತದೆ. ಬ್ಯಾಟರಿ ಬೇಡ, ಕರೆಂಟ್ ಬೇಡ. ಸೈಕ್ಲೋನ್ ರಾತ್ರಿ ಫೋನಿನ ಚಾರ್ಜ್ ಉಳಿಸಿಕೊಳ್ಳುವುದೇ ಒಂದು ಕೆಲಸ ಆಗಿರುವಾಗ ಇದು ಬಹಳ ನೆಮ್ಮದಿ ಕೊಡುತ್ತದೆ. ದ್ವೀಪದಲ್ಲಿ ವರ್ಷಗಟ್ಟಲೆ ಇರುವವರಿಗೆ ನನ್ನ ಸಲಹೆ ಇದೇ.

ಆದರೆ ಕೊಳ್ಳುವ ಮುಂಚೆ ನಿಮ್ಮ ಮನೆ ಎಷ್ಟು ಎತ್ತರದಲ್ಲಿದೆ ನೋಡಿಕೊಳ್ಳಿ. ಮಾರಿಷಸ್‌ನ ನಡುಭಾಗ ಪ್ರಸ್ಥಭೂಮಿ. ಕ್ಯೂರ್‌ಪೀಪ್ ಊರು ಸುಮಾರು 550 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೇರವಾಗಿ ಅಳೆದ ಒತ್ತಡ 950ರ ಹತ್ತಿರ ಇರುತ್ತದೆ. ಕಡಲತೀರಕ್ಕೆಂದು ಮಾಡಿದ ಅನೆರಾಯ್ಡ್‌ಗಳ ತಿರುಪು ಅಷ್ಟು ದೂರ ತಿರುಗದೆ ಇರಬಹುದು. ಎತ್ತರದ ಜಾಗಕ್ಕೆ ಹೊಂದುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿಯೇ ತೆಗೆದುಕೊಳ್ಳಿ.

ಮೂರನೆಯದು ಎಲೆಕ್ಟ್ರಾನಿಕ್ಸ್ ಕೈಚಳಕ ಇರುವವರಿಗೆ. ಬಿಎಂಪಿ280 ಎಂಬಂಥ ಸಣ್ಣ ಸೆನ್ಸರ್ ತಂದು ಒಂದು ಪುಟ್ಟ ಬೋರ್ಡಿಗೆ ಜೋಡಿಸಿದರೆ ಅದು ತಾನಾಗಿಯೇ ಅಂಕಿ ದಾಖಲಿಸುತ್ತ ಹೋಗುತ್ತದೆ. ಖರ್ಚು ಕಮ್ಮಿ. ಗ್ರಾಫ್ ಬೇಕೆನ್ನುವವರಿಗೆ ಇದೇ ಒಳ್ಳೆಯದು.

ಯಾವುದೇ ಆಗಲಿ, ಮನೆಯ ಒಳಗೇ ಇಡಿ. ಹೊರಗಿನ ಒತ್ತಡವೂ ಒಳಗಿನ ಒತ್ತಡವೂ ಒಂದೇ. ಬಿಸಿಲು ನೇರವಾಗಿ ಬೀಳದ ಗೋಡೆ ಇರಲಿ. ಒಮ್ಮೆ ಇಟ್ಟ ಮೇಲೆ ಮಹಡಿ ಬದಲಾಯಿಸಬೇಡಿ.

ಸಮುದ್ರಮಟ್ಟಕ್ಕೆ ಹೊಂದಿಸುವುದು

ಎತ್ತರ ಹೆಚ್ಚಿದಂತೆ ಒತ್ತಡ ಇಳಿಯುತ್ತದೆ. ಮಾರಿಷಸ್‌ನ ಬೆಚ್ಚಗಿನ ಗಾಳಿಯಲ್ಲಿ ಸುಮಾರು 8.8 ಮೀಟರಿಗೆ 1 ಹೆಕ್ಟೋಪಾಸ್ಕಲ್ ಎಂದು ಇಟ್ಟುಕೊಳ್ಳಿ. ಪ್ರಕಟಣೆಗಳಲ್ಲಿ ಹೇಳುವುದು ಸಮುದ್ರಮಟ್ಟದ ಒತ್ತಡ. ಅದರ ಜೊತೆ ಹೋಲಿಸಬೇಕಾದರೆ ನಿಮ್ಮ ಅಂಕಿಗೆ ಎತ್ತರದ ಲೆಕ್ಕ ಸೇರಿಸಬೇಕು. ಕ್ಯೂರ್‌ಪೀಪ್‌ನಲ್ಲಿ ಇದು ಸುಮಾರು 62, ವಾಕ್ವಾದಲ್ಲಿ ಸುಮಾರು 48. ಪೋರ್ಟ್ ಲೂಯಿಯ ಬಂದರಿನ ಹತ್ತಿರ ಅಥವಾ ಮಾಯೆಬೂರ್‌ನ ಕಡಲ ದಂಡೆಯಲ್ಲಿ ಇದ್ದರೆ ಹೆಚ್ಚು ಕಡಿಮೆ ಏನೂ ಬೇಡ.

ಲೆಕ್ಕ ಬೇಸರ ಅನ್ನಿಸಿದರೆ ಸುಲಭದ ದಾರಿ ಇದೆ. ಪ್ಲೇಸಾನ್ಸ್‌ನಲ್ಲಿರುವ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ಹವಾಮಾನ ವರದಿಯನ್ನು ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಇದನ್ನು ಮೆಟಾರ್ ಎನ್ನುತ್ತಾರೆ. ನಿಲ್ದಾಣದ ಸಂಕೇತ ಎಫ್‌ಐಎಂಪಿ. ಆ ಸಾಲಿನಲ್ಲಿ ಕ್ಯೂ ಅಕ್ಷರದ ಪಕ್ಕ ನಾಲ್ಕು ಅಂಕಿ ಇರುತ್ತದೆ. 1014 ಎಂದಿದ್ದರೆ ಒತ್ತಡ 1014. 0998 ಎಂದಿದ್ದರೆ 998. ಗಾಳಿ ಕಮ್ಮಿ ಇರುವ ದಿನ ನೋಡಿ ನಿಮ್ಮ ಮುಳ್ಳನ್ನು ಹಿಂಬದಿಯ ತಿರುಪಿನಿಂದ ಆ ಅಂಕಿಗೆ ತಂದು ನಿಲ್ಲಿಸಿ. ಮೆಟಾರ್‌ನಲ್ಲಿ ದಶಾಂಶವನ್ನು ಕತ್ತರಿಸಿ ಕೆಳಗಿನ ಪೂರ್ಣ ಅಂಕಿಯನ್ನು ಕೊಡುತ್ತಾರೆ. ಹಾಗಾಗಿ ಅರ್ಧ ಹೆಕ್ಟೋಪಾಸ್ಕಲ್ ಮೇಲೆ ಇಟ್ಟರೆ ಹೆಚ್ಚು ಸರಿ. ನಾಲ್ಕೈದು ದಿನ ಹೋಲಿಸಿ ನೋಡಿ, ಬೇಕಿದ್ದರೆ ಇನ್ನೊಮ್ಮೆ ತಿದ್ದಿ. ಆಮೇಲೆ ತಿರುಪನ್ನು ಮುಟ್ಟಬೇಡಿ. ಅದರಲ್ಲೂ ಸೈಕ್ಲೋನ್ ಹತ್ತಿರ ಬಂದಾಗ ಮುಟ್ಟಲೇಬೇಡಿ.

ದಿನಕ್ಕೆರಡು ಸಲ ಬರುವ ಉಬ್ಬರ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಇದು ಅರ್ಥವಾಗದೆ ಬ್ಯಾರೋಮೀಟರ್ ನೋಡಿದರೆ ಸುಮ್ನೆ ಗಾಬರಿಯಾಗುತ್ತದೆ, ಇಲ್ಲವೇ ಗಾಬರಿಯಾಗಬೇಕಾದಾಗ ಆಗುವುದಿಲ್ಲ.

ಸಮುದ್ರಕ್ಕೆ ಉಬ್ಬರ ಇಳಿತ ಇರುವ ಹಾಗೆ ಗಾಳಿಗೂ ಇದೆ. ಸಮುದ್ರವನ್ನು ಮುಖ್ಯವಾಗಿ ಚಂದ್ರ ಎಳೆಯುತ್ತಾನೆ. ಗಾಳಿಯ ಉಬ್ಬರಕ್ಕೆ ಕಾರಣ ಸೂರ್ಯನ ಶಾಖ. ಮೇಲಿನ ವಾತಾವರಣದ ಓಝೋನ್ ಮತ್ತು ಕೆಳಗಿನ ನೀರಾವಿ ಬಿಸಿಲನ್ನು ಹೀರಿಕೊಂಡು ಬಿಸಿಯಾಗುತ್ತವೆ. ಅದರಿಂದ ಇಡೀ ವಾತಾವರಣದಲ್ಲಿ ಹನ್ನೆರಡು ಗಂಟೆಗೊಮ್ಮೆ ಮರುಕಳಿಸುವ ಒಂದು ಅಲೆ ಏಳುತ್ತದೆ. ಉಷ್ಣವಲಯದಲ್ಲಿ ಅದು ಜಾಸ್ತಿ, ಧ್ರುವದ ಕಡೆ ಹೋದಂತೆ ಕಮ್ಮಿ.

ಪರಿಣಾಮ ಏನೆಂದರೆ ಬೆಳಿಗ್ಗೆ ಹತ್ತರ ಸುಮಾರಿಗೆ ಒತ್ತಡ ಮೇಲಿರುತ್ತದೆ. ಮಧ್ಯಾಹ್ನ ನಾಲ್ಕರ ಸುಮಾರಿಗೆ ಕೆಳಗೆ. ಮತ್ತೆ ರಾತ್ರಿ ಹತ್ತಕ್ಕೆ ಮೇಲೆ, ಬೆಳಗಿನ ಜಾವ ನಾಲ್ಕಕ್ಕೆ ಕೆಳಗೆ. ಮೇಲಿನ ಮಟ್ಟಕ್ಕೂ ಕೆಳಗಿನ ಮಟ್ಟಕ್ಕೂ 2ರಿಂದ 3 ಹೆಕ್ಟೋಪಾಸ್ಕಲ್ ಅಂತರ. ಮಾರಿಷಸ್‌ನ ಗಡಿಯಾರ ಅಲ್ಲಿನ ಸೂರ್ಯನ ಸಮಯಕ್ಕೆ ಬಹಳ ಹತ್ತಿರ ಇರುವುದರಿಂದ ಈ ಹೊತ್ತುಗಳು ಅಲ್ಲಿ ಚೆನ್ನಾಗಿ ಹೊಂದುತ್ತವೆ.

ಹೀಗಾಗಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ನಾಲ್ಕರವರೆಗೆ ಒತ್ತಡ 2 ಇಳಿಯಿತು ಎಂದು ಕಂಗಾಲಾಗಬೇಕಿಲ್ಲ. ಅದು ದಿನದ ಪಾಡು. ಆದರೆ ಸಂಜೆ ನಾಲ್ಕರಿಂದ ರಾತ್ರಿ ಹತ್ತರವರೆಗೆ ಒತ್ತಡ ಸುಮ್ಮನೆ ನಿಂತಿದೆ, ಇಳಿದೇ ಇಲ್ಲ ಎಂದುಕೊಳ್ಳಿ. ಮುಳ್ಳು ಅಲುಗಿಲ್ಲ, ಏನೂ ಆಗಿಲ್ಲ ಎಂದು ಅನ್ನಿಸುತ್ತದೆ, ಅಲ್ವಾ? ನಿಜವಾಗಿ ಅದು 2ರಷ್ಟು ಏರಬೇಕಿತ್ತು. ಏರಿಲ್ಲ. ಅಂದರೆ 2 ಕುಸಿದಿದೆ. ಏರಬೇಕಾದ ಹೊತ್ತಿನಲ್ಲಿ ಏರದ ಮುಳ್ಳನ್ನು ಗುರುತಿಸುವುದು ಈ ವಿದ್ಯೆಯ ಜೀವ.

ನೋಟ್‌ಬುಕ್ ಇಡುವುದು

ದಿನಕ್ಕೆ ಎರಡು ಸಲ, ಬೆಳಿಗ್ಗೆ ಹತ್ತಕ್ಕೆ ಮತ್ತು ಸಂಜೆ ನಾಲ್ಕಕ್ಕೆ ಬರೆದುಕೊಂಡರೆ ಸಾಕು. ಕೆಲಸಕ್ಕೆ ಹೋಗುವವರು ಬೇರೆ ಹೊತ್ತು ಆರಿಸಿಕೊಳ್ಳಬಹುದು. ಪ್ರತಿದಿನ ಅದೇ ಹೊತ್ತು ಇರಬೇಕು, ಅಷ್ಟೇ. ಮುಳ್ಳಿನ ಉಪಕರಣವಾದರೆ ಓದುವ ಮುಂಚೆ ಗಾಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಅಂಕಿಯ ಜೊತೆ ಗಾಳಿಯ ದಿಕ್ಕು, ಮೋಡ, ಮಳೆ ಬಗ್ಗೆ ಎರಡು ಪದ ಬರೆಯಿರಿ.

ಈಗ ಹೋಲಿಕೆ. ಈ ಹೊತ್ತಿನ ಅಂಕಿಯನ್ನು ನಿನ್ನೆಯ ಇದೇ ಹೊತ್ತಿನ ಅಂಕಿಯಿಂದ ಕಳೆಯಿರಿ. ಎರಡರಲ್ಲೂ ದಿನದ ಉಬ್ಬರ ಒಂದೇ ಆಗಿರುವುದರಿಂದ ಅದು ತಾನಾಗಿ ಹೊರಟುಹೋಗುತ್ತದೆ. ಉಳಿದದ್ದು ನಿಜವಾದ ಬದಲಾವಣೆ. ಸಮುದ್ರದಲ್ಲಿ ಓಡಾಡುವವರು ತಲೆಮಾರುಗಳಿಂದ ಅನುಸರಿಸುವ ಇನ್ನೊಂದು ಅಳತೆಯೂ ಇದೆ. ಆ ತಿಂಗಳಲ್ಲಿ ಆ ಹೊತ್ತಿಗೆ ಇರಬೇಕಾದ ಒತ್ತಡಕ್ಕಿಂತ 3 ಹೆಕ್ಟೋಪಾಸ್ಕಲ್ ಕಮ್ಮಿ ಇದ್ದರೆ ಅನುಮಾನ ಪಡಬೇಕು. 5 ಕಮ್ಮಿ ಇದ್ದರೆ ಹತ್ತಿರದಲ್ಲೆಲ್ಲೋ ಉಷ್ಣವಲಯದ ಚಂಡಮಾರುತ ಇದೆ ಎಂದೇ ತಿಳಿಯಬೇಕು. ಇರಬೇಕಾದದ್ದು ಎಷ್ಟು ಎಂದು ತಿಳಿಯಲು ನಿಮ್ಮ ನೋಟ್‌ಬುಕ್ಕಿನ ಹಿಂದಿನ ಎರಡು ವಾರದ ಶಾಂತ ದಿನಗಳ ಸರಾಸರಿ ಸಾಕು.

ಒಂದು ಉದಾಹರಣೆ ಮಾಡಿ ನೋಡೋಣ. ಫೆಬ್ರವರಿ ತಿಂಗಳು ಎಂದುಕೊಳ್ಳಿ. ಸೋಮವಾರ ಬೆಳಿಗ್ಗೆ ಹತ್ತಕ್ಕೆ 1013.2, ಸಂಜೆ ನಾಲ್ಕಕ್ಕೆ 1010.9, ರಾತ್ರಿ ಹತ್ತಕ್ಕೆ 1012.8. ಇದು ಮಾಮೂಲಿ ದಿನ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ 1011.8. ನಿನ್ನೆಗಿಂತ 1.4 ಕಮ್ಮಿ. ಇನ್ನೂ ಏನೂ ಹೇಳಲಾಗದು. ಸಂಜೆ ನಾಲ್ಕಕ್ಕೆ 1008.3. ನಿನ್ನೆಗಿಂತ 2.6 ಕಮ್ಮಿ. ಈಗ ಕಿವಿ ನಿಮಿರಬೇಕು. ರಾತ್ರಿ ಹತ್ತಕ್ಕೆ 1008.6. ಸಂಜೆಗಿಂತ ಒಂದಿಷ್ಟು ಮೇಲೇ ಇದೆ, ಆದರೆ ನಿನ್ನೆ ರಾತ್ರಿಗಿಂತ 4.2 ಕಮ್ಮಿ. ಸುಮ್ಮನೆ ಮುಳ್ಳು ನೋಡಿದವರು ಒತ್ತಡ ಚೇತರಿಸಿಕೊಂಡಿದೆ ಎಂದು ಮಲಗುತ್ತಾರೆ. ನೋಟ್‌ಬುಕ್ ನೋಡಿದವರು ಟಾರ್ಚ್ ಹುಡುಕಿಟ್ಟು ಮಲಗುತ್ತಾರೆ.

ಗಾಳಿಯ ಲೆಕ್ಕವನ್ನು ಹೀಗೆ ಬರೆದಿಟ್ಟು ಹೋಲಿಸುವ ರೂಢಿ ಈ ದ್ವೀಪದಲ್ಲಿ ಹಳೆಯದು. ಚಾರ್ಲ್ಸ್ ಮೆಲ್ಡ್ರಮ್ ಎಂಬ ಸ್ಕಾಟ್ಲೆಂಡಿನ ಮೇಷ್ಟ್ರು 1848ರಲ್ಲಿ ಇಲ್ಲಿಗೆ ಬಂದರು. 1851ರಲ್ಲಿ ಮಾರಿಷಸ್ ಹವಾಮಾನ ಸಂಘ ಶುರುವಾಗಲು ಕಾರಣರಾದರು. ಆಗ ಸೂಯೆಜ್ ಕಾಲುವೆ ಇರಲಿಲ್ಲ. ಯುರೋಪಿಗೂ ಭಾರತಕ್ಕೂ ನಡುವೆ ಓಡಾಡುವ ಎಷ್ಟೋ ಹಡಗುಗಳು ಪೋರ್ಟ್ ಲೂಯಿಯಲ್ಲಿ ನಿಲ್ಲುತ್ತಿದ್ದವು. ಮೆಲ್ಡ್ರಮ್ ಆ ಹಡಗುಗಳ ದಿನಚರಿ ಪುಸ್ತಕಗಳಿಂದ ಒತ್ತಡ ಮತ್ತು ಗಾಳಿಯ ಅಂಕಿಗಳನ್ನು ಇಳಿಸಿಕೊಂಡು, ಇಡೀ ಹಿಂದೂ ಮಹಾಸಾಗರದ ಹವೆಯ ನಕ್ಷೆ ಬಿಡಿಸಿದರು. ಪಾಂಪ್ಲೆಮೂಸ್‌ನಲ್ಲಿ ರಾಯಲ್ ಆಲ್ಫ್ರೆಡ್ ವೀಕ್ಷಣಾಲಯಕ್ಕೆ 1870ರಲ್ಲಿ ಅಡಿಗಲ್ಲು ಬಿದ್ದದ್ದು ಈ ಕೆಲಸದ ಫಲ. ಉಪಗ್ರಹ ಇಲ್ಲದ ಕಾಲದಲ್ಲಿ ನೂರಾರು ನಾವಿಕರ ನೋಟ್‌ಬುಕ್ಕುಗಳನ್ನು ಸೇರಿಸಿ ಸೈಕ್ಲೋನಿನ ಆಕಾರ ಕಂಡುಕೊಂಡವರನ್ನು ನೆನೆದರೆ ನನಗೆ ಈಗಲೂ ಗೌರವ ಉಕ್ಕುತ್ತದೆ.

ಇಳಿಯುವ ವೇಗ ಏನು ಹೇಳುತ್ತದೆ

ಸೈಕ್ಲೋನ್ ಹತ್ತಿರ ಬರುವಾಗ ಒತ್ತಡ ಒಂದೇ ಸಮ ಇಳಿಯುವುದಿಲ್ಲ. ಸಾಮಾನ್ಯವಾಗಿ ಮೂರು ಹಂತ ಕಾಣುತ್ತದೆ. ಕೇಂದ್ರ 900 ಕಿಲೋಮೀಟರಿನಿಂದ ಸುಮಾರು 220 ಕಿಲೋಮೀಟರ್ ದೂರಕ್ಕೆ ಬರುವವರೆಗೆ ನಿಧಾನದ ಇಳಿತ. ಈ ಹಂತದಲ್ಲಿ ದಿನದ ಉಬ್ಬರ ಇನ್ನೂ ಕಾಣುತ್ತಿರುತ್ತದೆ. 220ರಿಂದ 110 ಕಿಲೋಮೀಟರ್‌ವರೆಗೆ ಎದ್ದುಕಾಣುವ ಇಳಿತ. ಉಬ್ಬರ ಮುಚ್ಚಿಹೋಗುತ್ತದೆ. ಅಲ್ಲಿಂದ ಮುಂದೆ ಮುಳ್ಳು ಕಣ್ಣೆದುರೇ ಬೀಳತೊಡಗುತ್ತದೆ. ಇವು ಅಂದಾಜು ದೂರಗಳು. ಸಣ್ಣ ಸೈಕ್ಲೋನ್ ಆದರೆ ಒತ್ತಡ ಬಹಳ ತಡವಾಗಿ, ಆದರೆ ಇದ್ದಕ್ಕಿದ್ದಂತೆ ಕುಸಿಯುತ್ತದೆ. ‘ಇನ್ನೂ ಮೊದಲ ಹಂತ, ಸಮಯವಿದೆ’ ಎಂದು ಲೆಕ್ಕ ಹಾಕಿ ಕೂರಬಾರದು.

ದ್ವೀಪದ ಪೂರ್ವಕ್ಕೆ ಸುಮಾರು 560 ಕಿಲೋಮೀಟರ್ ದೂರದಲ್ಲಿ ರಾಡ್ರಿಗ್ಸ್ ದ್ವೀಪ ಇದೆ. ಅದೂ ಮಾರಿಷಸ್ ದೇಶಕ್ಕೇ ಸೇರಿದ್ದು. ಇಲ್ಲಿನ ಸೈಕ್ಲೋನ್‌ಗಳು ಹೆಚ್ಚಾಗಿ ಪೂರ್ವದಿಂದ ಪಶ್ಚಿಮಕ್ಕೆ, ನೈಋತ್ಯಕ್ಕೆ ಚಲಿಸುತ್ತವೆ. ಹಾಗಾಗಿ ರಾಡ್ರಿಗ್ಸ್‌ನ ಅಂಕಿ ನಿಮಗೆ ಮುನ್ಸೂಚನೆ. ಅಲ್ಲಿನ ವಿಮಾನ ನಿಲ್ದಾಣದ ಸಂಕೇತ ಎಫ್‌ಐಎಂಆರ್. ಬೇಸಿಗೆಯಲ್ಲಿ ದಿನಕ್ಕೊಮ್ಮೆ ಅದನ್ನೂ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಆದರೆ ಉತ್ತರದಿಂದ, ವಾಯವ್ಯದಿಂದ ಇಳಿದು ಬರುವ ಸೈಕ್ಲೋನ್‌ಗಳೂ ಇವೆ. ಅವು ರಾಡ್ರಿಗ್ಸ್ ಕಡೆ ಸುಳಿಯುವುದೇ ಇಲ್ಲ.

ಗಾಳಿಗೆ ಬೆನ್ನು ಮಾಡಿ ನಿಲ್ಲಿ

ಒತ್ತಡ ಒಂದೇ ನೋಡಿದರೆ ಏನೋ ಇದೆ ಎಂದು ಮಾತ್ರ ಗೊತ್ತಾಗುತ್ತದೆ. ಎಲ್ಲಿದೆ ಎಂದು ತಿಳಿಯಲು ಗಾಳಿಯ ದಿಕ್ಕು ಬೇಕು. ದಕ್ಷಿಣ ಗೋಳಾರ್ಧದಲ್ಲಿ ಸೈಕ್ಲೋನ್ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗುತ್ತದೆ. ನಮ್ಮ ಬಂಗಾಳ ಕೊಲ್ಲಿಯ ಚಂಡಮಾರುತಗಳಿಗೆ ಪೂರ್ತಿ ವಿರುದ್ಧ. ಮಾರಿಷಸ್‌ನಲ್ಲಿ ಗಾಳಿಗೆ ಬೆನ್ನು ಮಾಡಿ ನಿಂತು ಬಲಗೈ ಚಾಚಿ. ಕೈ ತೋರಿಸುವ ದಿಕ್ಕಿನಲ್ಲಿ, ಸ್ವಲ್ಪ ಮುಂದಕ್ಕೆ, ಸೈಕ್ಲೋನಿನ ಕೇಂದ್ರ ಇರುತ್ತದೆ.

ಇದನ್ನು ಕೆಲವು ಗಂಟೆಗಳ ಅಂತರದಲ್ಲಿ ಎರಡು ಮೂರು ಸಲ ಮಾಡಿದರೆ ಕೇಂದ್ರ ಎತ್ತ ಸರಿಯುತ್ತಿದೆ ತಿಳಿಯುತ್ತದೆ. ಗಾಳಿ ಮೊದಲು ಆಗ್ನೇಯದಿಂದ ಬೀಸುತ್ತಿದೆ ಎಂದುಕೊಳ್ಳಿ. ಅಂದರೆ ಕೇಂದ್ರ ಹೆಚ್ಚು ಕಡಿಮೆ ಈಶಾನ್ಯದ ಕಡೆ ಇದೆ. ಆಮೇಲೆ ಗಾಳಿ ಪೂರ್ವಕ್ಕೆ, ಮತ್ತೆ ಈಶಾನ್ಯಕ್ಕೆ ತಿರುಗಿದರೆ ಕೇಂದ್ರ ದ್ವೀಪದ ಉತ್ತರದಲ್ಲಿ ಹಾದುಹೋಗುತ್ತಿದೆ. ಗಾಳಿ ದಕ್ಷಿಣಕ್ಕೆ, ಮತ್ತೆ ನೈಋತ್ಯಕ್ಕೆ ತಿರುಗಿದರೆ ಅದು ಪೂರ್ವದಲ್ಲಿ ಹಾದು ದಕ್ಷಿಣಕ್ಕೆ ಇಳಿಯುತ್ತಿದೆ. ದಿಕ್ಕು ಬದಲಾಗದೆ ಗಾಳಿ ಬಲವಾಗುತ್ತಲೇ ಹೋಗಿ, ಒತ್ತಡವೂ ಬೀಳುತ್ತಿದ್ದರೆ ಅದು ನಿಮ್ಮ ಕಡೆಗೇ ನೇರವಾಗಿ ಬರುತ್ತಿದೆ.

ಒಂದು ತೊಡಕಿದೆ. ಬೇಸಿಗೆಯ ಮಾಮೂಲಿ ದಿನಗಳಲ್ಲೂ ಮಾರಿಷಸ್‌ನಲ್ಲಿ ಗಾಳಿ ಪೂರ್ವ, ಆಗ್ನೇಯದಿಂದಲೇ ಬೀಸುತ್ತದೆ. ಅದು ವ್ಯಾಪಾರ ಮಾರುತ. ಹಾಗಾಗಿ ದಿಕ್ಕನ್ನು ಒತ್ತಡದ ಜೊತೆ ಸೇರಿಸಿಯೇ ಓದಬೇಕು. ಪೋರ್ಟ್ ಲೂಯಿಯ ಸುತ್ತ ಬೆಟ್ಟಗಳಿವೆ, ಅವು ಗಾಳಿಯನ್ನು ತಿರುಗಿಸುತ್ತವೆ. ಎತ್ತರದ ಕಟ್ಟಡಗಳ ನಡುವೆಯೂ ಇದೇ ಪಾಡು. ಬೀದಿಯ ಗಾಳಿ ನಂಬುವ ಬದಲು ತಗ್ಗಿನಲ್ಲಿ ಓಡುವ ಮೋಡಗಳು ಯಾವ ಕಡೆಯಿಂದ ಬರುತ್ತಿವೆ ನೋಡಿ. ಈ ಪರೀಕ್ಷೆಯನ್ನೆಲ್ಲ ಎಚ್ಚರಿಕೆಯ ಮೊದಲ ಹಂತಗಳಲ್ಲೇ ಮುಗಿಸಿ. ಗಾಳಿ ಬಲವಾದ ಮೇಲೆ ಕಿಟಕಿಯ ಒಳಗಿನಿಂದ ನೋಡಿದ್ದಷ್ಟೇ ಸಾಕು.

ಕೇಂದ್ರ ಪಕ್ಕದಲ್ಲಿ ಹಾದುಹೋದರೆ ಬಚಾವಾದಂತಲ್ಲ. 2002ರ ಜನವರಿಯಲ್ಲಿ ಡೀನಾ ಎಂಬ ಸೈಕ್ಲೋನ್ ಮಾರಿಷಸ್‌ನ ಉತ್ತರಕ್ಕೆ ಹಾದುಹೋಯಿತು. ಆದರೂ ಗಾಳಿಯ ಹೊಡೆತ ಗಂಟೆಗೆ 228 ಕಿಲೋಮೀಟರ್ ಮುಟ್ಟಿತ್ತು.

ಎಚ್ಚರಿಕೆಯ ದರ್ಜೆಗಳ ಜೊತೆ ಹೊಂದಿಸಿ

ಮಾರಿಷಸ್‌ನಲ್ಲಿ ಸೈಕ್ಲೋನ್ ಎಚ್ಚರಿಕೆಗೆ 1ರಿಂದ 4ರವರೆಗೆ ದರ್ಜೆಗಳಿವೆ. ಅವು ಗಂಟೆಗೆ 120 ಕಿಲೋಮೀಟರ್ ವೇಗದ ಗಾಳಿಯ ಹೊಡೆತವನ್ನು ಆಧಾರವಾಗಿ ಇಟ್ಟುಕೊಂಡಿವೆ. ಅಂಥ ಗಾಳಿ ಬರಲು ಇನ್ನೂ ಎಷ್ಟು ಸಮಯ ಇದೆ ಎಂಬುದನ್ನು ದರ್ಜೆ ತಿಳಿಸುತ್ತದೆ. ಸೈಕ್ಲೋನ್ ಎಷ್ಟು ದೊಡ್ಡದು ಎಂಬುದನ್ನಲ್ಲ. ಹೊಸಬರಲ್ಲಿ ಬಹಳ ಜನ ಇದನ್ನು ತಪ್ಪಾಗಿ ತಿಳಿಯುತ್ತಾರೆ. ‘ಬರೀ 1ನೇ ದರ್ಜೆ, ಸಣ್ಣ ಸೈಕ್ಲೋನ್’ ಎಂದರೆ ಅದು ಸರಿಯಲ್ಲ. ಭಾರಿ ಸೈಕ್ಲೋನ್‌ಗೂ ಮೊದಲು ಬರುವುದು 1ನೇ ದರ್ಜೆಯೇ.

1ನೇ ದರ್ಜೆ ಬಂದಾಗ ನೀರು ತುಂಬಿಸಿ, ಔಷಧಿ, ಬ್ಯಾಟರಿ, ಬೇಯಿಸದೆ ತಿನ್ನುವಂಥ ಊಟ ನೋಡಿಕೊಳ್ಳಿ. ಅಂಗಳದಲ್ಲಿ ಹಾರಿಹೋಗುವಂಥದ್ದು ಏನಿದ್ದರೂ ಒಳಗಿಡಿ. 2ನೇ ದರ್ಜೆಗೆ ಕಿಟಕಿ ಬಾಗಿಲು ಭದ್ರ ಮಾಡುವ ಕೆಲಸ ಮುಗಿದಿರಬೇಕು. 3ನೇ ದರ್ಜೆಯ ಮೇಲೆ ರಸ್ತೆಗೆ ಇಳಿಯಬೇಡಿ. ಬ್ಯಾರೋಮೀಟರ್ ಓದುವ ಅಂತರವನ್ನು ಮಾತ್ರ ಬದಲಾಯಿಸಿ. 1ನೇ ದರ್ಜೆಯಲ್ಲಿ ಮೂರು ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ ಬರೆದುಕೊಳ್ಳಿ. ಕಡಲಿಗೆ ತಾಗಿಕೊಂಡೇ ಮನೆ ಇದ್ದರೆ ಇನ್ನೊಂದು ಲೆಕ್ಕ ನೆನಪಿಡಿ. ಒತ್ತಡ 1 ಹೆಕ್ಟೋಪಾಸ್ಕಲ್ ಇಳಿದರೆ ಸಮುದ್ರ ಸುಮಾರು 1 ಸೆಂಟಿಮೀಟರ್ ಏರುತ್ತದೆ. 50 ಇಳಿದರೆ ಅರ್ಧ ಮೀಟರ್. ಗಾಳಿ ತಳ್ಳಿತರುವ ನೀರು, ಅಲೆಗಳು ಇದರ ಮೇಲೆ. ಸ್ಥಳಾಂತರಗೊಳ್ಳಿ ಎಂದು ಹೇಳಿದರೆ ಮುಳ್ಳು ನೋಡುತ್ತ ಕೂರದೆ ಹೊರಡಿ.

ಸೈಕ್ಲೋನಿನ ಕಣ್ಣು, ಅಂದರೆ ಅದರ ನಡುವಿನ ಶಾಂತ ಭಾಗ, ನಿಮ್ಮ ಮೇಲೆಯೇ ಬಂದರೆ ಗಾಳಿ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಆಕಾಶ ತಿಳಿಯಾಗಿ ನಕ್ಷತ್ರ ಕಾಣಲೂಬಹುದು. ಜನ ಹೊರಗೆ ಬಂದು ಜೀವ ಕಳೆದುಕೊಳ್ಳುವುದು ಇಲ್ಲೇ. ಇಲ್ಲಿ ಬ್ಯಾರೋಮೀಟರ್ ಜೀವ ಉಳಿಸುತ್ತದೆ. ಗಾಳಿ ನಿಂತಿದೆ, ಆದರೆ ಒತ್ತಡ ಇನ್ನೂ ತಳದಲ್ಲೇ ಇದೆ ಎಂದರೆ ನೀವು ಕಣ್ಣಿನ ಒಳಗಿದ್ದೀರಿ. ಸ್ವಲ್ಪ ಹೊತ್ತಿಗೆ ವಿರುದ್ಧ ದಿಕ್ಕಿನಿಂದ ಅಷ್ಟೇ ಬಲದ ಗಾಳಿ ನುಗ್ಗುತ್ತದೆ. ಆಗ್ನೇಯದಿಂದ ಬೀಸುತ್ತಿದ್ದದ್ದು ವಾಯವ್ಯದಿಂದ ಬೀಸುತ್ತದೆ. ಅದುವರೆಗೆ ಮರೆಯಾಗಿದ್ದ ಗೋಡೆ, ಕಿಟಕಿಗಳಿಗೆ ಈಗ ಏಟು. ಒತ್ತಡ ಗಂಟೆಗಟ್ಟಲೆ ಏರುತ್ತ ಬಂದು, ಅದರ ಜೊತೆ ಗಾಳಿಯೂ ನಿಧಾನಕ್ಕೆ ಇಳಿದರೆ ಸೈಕ್ಲೋನ್ ದೂರ ಹೋಗುತ್ತಿದೆ. ಆಗಲೂ ಇಲಾಖೆ ಎಚ್ಚರಿಕೆ ಹಿಂತೆಗೆಯುವವರೆಗೆ ಒಳಗೇ ಇರಿ.

1960ರ ಫೆಬ್ರವರಿಯ ಕ್ಯಾರಲ್ ಸೈಕ್ಲೋನ್‌ನಲ್ಲಿ ಒತ್ತಡ 943ಕ್ಕೆ ಇಳಿದಿತ್ತು, ಗಾಳಿಯ ಹೊಡೆತ ಗಂಟೆಗೆ 256 ಕಿಲೋಮೀಟರ್ ಮುಟ್ಟಿತ್ತು. ಹುಲ್ಲು, ಮರ, ತಗಡಿನ ಮನೆಗಳು ಸಾಲುಸಾಲಾಗಿ ಹೋದವು. ಮಾರಿಷಸ್‌ನಲ್ಲಿ ಇವತ್ತು ಎಲ್ಲಿ ನೋಡಿದರೂ ಚಪ್ಪಟೆ ತಾರಸಿಯ ಕಾಂಕ್ರೀಟ್ ಮನೆಗಳು ಕಾಣುವುದಕ್ಕೆ ಆ ರಾತ್ರಿಯೇ ದೊಡ್ಡ ಕಾರಣ. 1975ರ ಫೆಬ್ರವರಿಯ ಜೆರ್ವೇಸ್‌ನಲ್ಲಿ ಗಾಳಿ ಇನ್ನೂ ಜಾಸ್ತಿ, 280 ಕಿಲೋಮೀಟರ್. ಬಾಡಿಗೆ ಮನೆ ಹುಡುಕುವಾಗ ನೋಟ ಚೆನ್ನಾಗಿದೆಯೇ ಎಂದು ನೋಡುವ ಮುಂಚೆ ಕಿಟಕಿಗಳಿಗೆ ಗಟ್ಟಿ ಶಟರ್ ಇದೆಯೇ ನೋಡಿ.

ಬ್ಯಾರೋಮೀಟರ್ ಸುಮ್ಮನಿರುವ ಅಪಾಯ

2013ರ ಮಾರ್ಚ್ 30ರಂದು ಪೋರ್ಟ್ ಲೂಯಿಯಲ್ಲಿ ಎರಡು ಗಂಟೆಯೊಳಗೆ 152 ಮಿಲಿಮೀಟರ್ ಮಳೆ ಸುರಿಯಿತು. ಪಾದಚಾರಿ ಸುರಂಗದಲ್ಲಿ, ಕಟ್ಟಡಗಳ ನೆಲಮಾಳಿಗೆಯಲ್ಲಿ ಸಿಕ್ಕಿಕೊಂಡವರೂ ಸೇರಿ 11 ಜನ ಸತ್ತರು. ಅಂದು ಸೈಕ್ಲೋನ್ ಇರಲಿಲ್ಲ. ಬಿಸಿಯಾದ ತೇವದ ಗಾಳಿ ಬೆಟ್ಟಗಳ ಮೇಲೆ ಏರಿ ಮೋಡ ಕಟ್ಟಿ ಒಂದೇ ಕಡೆ ಸುರಿಯುವಾಗ ಒತ್ತಡದಲ್ಲಿ ಗುರುತಿಸುವಂಥ ಬದಲಾವಣೆ ಆಗಬೇಕೆಂದೇನೂ ಇಲ್ಲ. ಇಂಥ ಮಳೆಗೆ ಮುಳ್ಳನ್ನು ನಂಬಬೇಡಿ. ಆಕಾಶ ಮತ್ತು ಇಲಾಖೆಯ ಭಾರಿ ಮಳೆ ಎಚ್ಚರಿಕೆಯನ್ನು ನಂಬಿ. ನದಿ, ಮೋರಿಗಳ ಪಕ್ಕ, ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿದವರು ಮೊದಲು ಎಚ್ಚೆತ್ತುಕೊಳ್ಳಬೇಕು. 2024ರ ಜನವರಿ 15ರಂದು ಬೆಲಾಲ್ ಸೈಕ್ಲೋನ್ ಹೊತ್ತಿನಲ್ಲಿ ಪೋರ್ಟ್ ಲೂಯಿಯ ಬೀದಿಗಳಲ್ಲಿ ಕಾರುಗಳು ತೇಲಿಹೋದದ್ದೂ ನೀರಿನಿಂದಲೇ.

ಚಳಿಗಾಲದ ಪಾಠ ಬೇರೆ. ಆಗ ಒತ್ತಡ 1025 ದಾಟಿದರೆ ಗೋಡೆಯ ಡಯಲ್ ‘ಒಳ್ಳೆಯ ಹವೆ’ ಎನ್ನುತ್ತದೆ. ಪಶ್ಚಿಮದ ಫ್ಲಿಕ್ ಆನ್ ಫ್ಲಾಕ್‌ನಲ್ಲಿ ಬಿಸಿಲೂ ಇರಬಹುದು. ಅದೇ ಹೊತ್ತಿಗೆ ಬಲವಾದ ವ್ಯಾಪಾರ ಮಾರುತ ಪೂರ್ವದ ಇಳಿಜಾರು ಹತ್ತಿ ಕ್ಯೂರ್‌ಪೀಪ್ ಮೇಲೆ ಬಿಡದೆ ತುಂತುರು ಹನಿಸುತ್ತಿರುತ್ತದೆ. ದಕ್ಷಿಣದ ಸುಯಾಕ್ ಕಡೆ ದೊಡ್ಡ ಅಲೆಗಳು ಬಂಡೆಗೆ ಬಡಿಯುತ್ತಿರುತ್ತವೆ. ಒತ್ತಡ ಜಾಸ್ತಿ ಎಂದು ದೋಣಿ ಹತ್ತಬೇಡಿ, ಅಲೆಗಳ ಎಚ್ಚರಿಕೆ ಕೇಳಿಕೊಂಡು ಹೋಗಿ.

ಕರ್ನಾಟಕದಲ್ಲಿ ಕೂತು ನೋಡುವವರಿಗೆ

ಈ ಮಸ್ಕರೀನ್ ಹೈಗೂ ನಮಗೂ ನೇರ ಸಂಬಂಧವಿದೆ. ಜೂನ್ ಹೊತ್ತಿಗೆ ಅದು ಬಲಗೊಂಡಾಗ ಅಲ್ಲಿಂದ ಹೊರಟ ಆಗ್ನೇಯ ಮಾರುತ ಆಫ್ರಿಕಾದ ಪೂರ್ವ ಕರಾವಳಿಯ ಹತ್ತಿರ ಭೂಮಧ್ಯರೇಖೆ ದಾಟಿ ಬಲಕ್ಕೆ ತಿರುಗುತ್ತದೆ. ಅರಬ್ಬಿ ಸಮುದ್ರದ ನೀರಾವಿ ಹೊತ್ತು ನೈಋತ್ಯ ಮುಂಗಾರಾಗಿ ನಮ್ಮ ಪಶ್ಚಿಮ ಘಟ್ಟಕ್ಕೆ ಬಂದು ಬಡಿಯುತ್ತದೆ. ಮೇ ತಿಂಗಳಿನಿಂದ ಪ್ಲೇಸಾನ್ಸ್‌ನ ಒತ್ತಡವನ್ನು ದಿನಾ ಬರೆದಿಟ್ಟರೆ ಅದು ವಾರ ವಾರಕ್ಕೂ ಮೇಲೇರುವುದು ಕಾಣುತ್ತದೆ. ಆಗುಂಬೆಯ ಮಳೆ ಎಷ್ಟಾಗುತ್ತದೆ ಎಂದು ಅದೊಂದರಿಂದ ಹೇಳಲು ಬರುವುದಿಲ್ಲ. ಮುಂಗಾರಿಗೆ ಇನ್ನೂ ಹತ್ತು ಕಾರಣಗಳಿವೆ. ಆದರೆ ಆ ಗಾಳಿ ಎಲ್ಲಿಂದ ಹೊರಡುತ್ತದೋ ಅಲ್ಲಿನ ಅಂಕಿ ನೋಡುವುದು ಒಂದು ಸಂತೋಷ.

ಇದೇ ವಿಧಾನವನ್ನು ಮಂಗಳೂರು, ಕಾರವಾರದಲ್ಲೂ ಮಾಡಬಹುದು. ಉಬ್ಬರದ ಹೊತ್ತು ಹೆಚ್ಚು ಕಡಿಮೆ ಅವೇ, ನೋಟ್‌ಬುಕ್ ಲೆಕ್ಕವೂ ಅದೇ. ಗಾಳಿಗೆ ಬೆನ್ನು ಮಾಡಿ ನಿಂತಾಗ ಮಾತ್ರ ಬಲಗೈ ಬದಲು ಎಡಗೈ ಚಾಚಿ. ಬೆಂಗಳೂರಿನವರು ಮುಳ್ಳಿನ ಬ್ಯಾರೋಮೀಟರ್ ಕೊಳ್ಳುವ ಮುಂಚೆ ಯೋಚಿಸಿ. 920 ಮೀಟರ್ ಎತ್ತರದಲ್ಲಿ ನೇರ ಒತ್ತಡ 910ರ ಹತ್ತಿರ ಇರುತ್ತದೆ, ಕಡಲತೀರದ ಉಪಕರಣ ಅಲ್ಲಿಗೆ ಹೊಂದುವುದು ಕಷ್ಟ. ಫೋನಿನ ಸೆನ್ಸರ್ ಸಾಕು.